ಜ್ವರದ ಕಡ್ಡಿ ಮತ್ತು ಬಾಲವಾಡಿಯ ಬಾಗಿಲು

ನಾನು ಒಂದು ಥರ್ಮಾಮೀಟರು. ಈ ಮನೆಯವರು ನನ್ನನ್ನು ಜ್ವರದ ಕಡ್ಡಿ ಎನ್ನುತ್ತಾರೆ. ಬೆಂಕಿಯಲ್ಲಿ ಮೆತ್ತಗಾದ ಗಾಜನ್ನು ಎಳೆದು ಸಣ್ಣ ಕೊಳವೆ ಮಾಡಿ, ಒಳಗೊಂದು ಹನಿ ಪಾದರಸ ತುಂಬಿ, ನನ್ನ ಬಾಯಿ ಮುಚ್ಚಿದರು. ಆಮೇಲೆ ಮೈತುಂಬ ಗೆರೆ ಕೊರೆದರು. ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಹಿಡಿದು ಕೊಡವಬೇಕು.

ಹಳೇ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಬಾಷಾಸಾಬ ಎಂಬ ಕಂಪೌಂಡರನ ಕೈಯಲ್ಲಿ ಹನ್ನೊಂದು ವರ್ಷ ದುಡಿದೆ. ಕೊರೊನಾದ ಎರಡನೆಯ ಬೇಸಿಗೆಯಲ್ಲಿ ಅಂಗಡಿಗಳಲ್ಲಿ ನನ್ನಂಥವರು ಸಿಗದಂತಾದಾಗ, ಅವನು ನನ್ನನ್ನು ಪಕ್ಕದ ಮನೆಯ ಮಹಾಂತೇಶನಿಗೆ ಕೊಟ್ಟ. "ಇಟ್ಕೋರಿ, ನಮ್ಮ ಕಡೆ ಇನ್ನೊಂದೈತಿ" ಎಂದ. ಇನ್ನೊಂದು ಇರಲಿಲ್ಲ.

ಮಹಾಂತೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗಿ, ನನ್ನನ್ನು ಕಂಕುಳಲ್ಲಿಟ್ಟುಕೊಂಡು, ಆಮೇಲೆ ಕಿಟಕಿಯ ಗಾಜಿಗೆ ಹಿಡಿದು ತೋರಿಸುತ್ತಿದ್ದ. ಹೊರಗೆ ನಿಂತ ಹೆಂಡತಿ ಸುಮಂಗಲಾ ಓದಿಕೊಳ್ಳುತ್ತಿದ್ದಳು. ನೂರಾ ಒಂದು. ನೂರಾ ಎರಡು. ನೂರಾ ಮೂರು. ಐದನೆಯ ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಅವನು ಮರಳಿ ಬರಲಿಲ್ಲ. ಅವನ ಮುಖವನ್ನೂ ಮನೆಯವರಿಗೆ ತೋರಿಸಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ನನ್ನನ್ನು ಸುಮಂಗಲಾ ಎತ್ತಿಕೊಂಡು ತೊಳೆದಳು, ಕೊಡವಿದಳು. ಗಂಡನ ಕೊನೆಯ ಜ್ವರವೂ ಇಳಿದುಹೋಯಿತು. ಅದು ಅವಳಿಗೆ ಹೊಳೆಯಲಿಲ್ಲವೋ, ಹೊಳೆದರೂ ಏನೂ ಅನ್ನಿಸಲಿಲ್ಲವೋ, ನಾನರಿಯೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಮೂರು ವರ್ಷದ ಮಗಳು ಧೃತಿಯ ಕಂಕುಳಲ್ಲಿ ನಾನು. ಮಗುವಿಗೆ ಜ್ವರವಿರಲಿಲ್ಲ. ಸುಮಂಗಲಾ ಓದುವಳು, ಓದಿದ್ದನ್ನು ಮರೆತು ಮತ್ತೆ ಇಡುವಳು.

ದೀಪಾವಳಿ ಮುಗಿದ ಮೇಲೆ ಓಣಿಯ ಬಾಲವಾಡಿ ತೆರೆಯಿತು. ಕಸ್ತೂರಿ ಟೀಚರು ಹೊಸ್ತಿಲಾಚೆ ನಿಂತು, "ಹನ್ನೆರಡ ಹುಡುಗ್ರು ಅಷ್ಟರಿ. ಕಿಟಕಿ ಬಾಗಲಾ ಎಲ್ಲಾ ತಗದಿಟ್ಟೇವಿ. ಒತ್ತಾಯಿಲ್ಲ, ವಿಚಾರ ಮಾಡ್ರಿ" ಎಂದರು.

"ವಿಚಾರ ಮಾಡೂದೇನೈತಿ?" ಎಂದಳು ಅತ್ತೆ ಈರವ್ವ. "ಒಂದ್ ವರ್ಷ ಸಾಲಿಗೆ ಹೋಗಲಿಲ್ಲಂದ್ರ ಯಾರ ಗಂಟ ಹೋಗತೈತಿ? ಮಗನ್ನ ಕಳಕೊಂಡೇನಿ. ಇದನ್ನ ಬಿಟ್ಟಕೊಡಾಂಗಿಲ್ಲ."

ಸುಮಂಗಲಾ ಟೀಚರಿಗೂ "ಹೂಂ" ಎಂದಳು, ಅತ್ತೆಗೂ "ಹೂಂ" ಎಂದಳು. ಒಂದು ವಾರ ಹಾಗೆಯೇ ಕಳೆಯಿತು.

ಒಂದು ಮಧ್ಯಾಹ್ನ ಧೃತಿ ನನ್ನನ್ನು ಕದ್ದು ಹಿಂದಿನ ಕೋಣೆಗೆ ಒಯ್ದಳು. ಗೊಂಬೆಯನ್ನು ಮಲಗಿಸಿ, ಅದರ ಕಂಕುಳಿಗೆ ನನ್ನನ್ನು ಸಿಕ್ಕಿಸಿ, ಮುಖದವರೆಗೂ ಟವೆಲ್ ಹೊದಿಸಿದಳು. ಸುಮಂಗಲಾ ಬಾಗಿಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

"ಅವ್ವಾ, ದೂರ ನಿಂದ್ರು. ಒಳಗ ಬರಬ್ಯಾಡ. ಅದರ ಮಾರಿ ನೋಡಬಾರ್ದು."

ಸುಮಂಗಲಾ ಹೊಸ್ತಿಲಲ್ಲಿ ನಿಂತೇ ಇದ್ದಳು. ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದರೂ ಕದಲಲಿಲ್ಲ. ಸಂಜೆ ಅತ್ತೆಗೆ ಹೇಳಿದಳು: "ಇದಕ್ಕ ಬ್ಯಾರೆ ಆಟಾನ ಗೊತ್ತಿಲ್ರಿ ಅತ್ತಿ. ನಾಳೆ ಕಳಸ್ತೀನಿ."

ಈರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಸುಮಂಗಲಾ ನನ್ನನ್ನು ಮೂರು ಸಲ ಇಟ್ಟು ನೋಡಿ, ಪರ್ಸಿನಲ್ಲಿ ಹಾಕಿಕೊಂಡು ಹೊರಟಳು. ಮಗು ಹಿಂದಿರುಗಿ ನೋಡದೆ ಬಾಲವಾಡಿಯ ಒಳಗೆ ಹೋಯಿತು. ಅಳು ಬಂದೀತೆಂದು ಸುಮಂಗಲಾ ಕಾದಳು. ಬರಲಿಲ್ಲ. ಬಾಲವಾಡಿ ಬಿಡುವವರೆಗೂ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು.

ಹದಿನೇಳನೆಯ ದಿನ ನಾನು ನೂರಾ ಒಂದು ತೋರಿಸಿದೆ. ಬೇರೇನು ತೋರಿಸಲಿ? ಮೂಗಿನ ಕೊರೊನಾ ಪರೀಕ್ಷೆ ಮಾಡಿಸಿ ಬಂದರು. ಫಲಿತಾಂಶಕ್ಕೆ ಎರಡು ದಿನ. ಈರವ್ವ "ನಾ ಹೇಳಿದ್ದಿಲ್ಲೇನು" ಎನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂಬಂತೆ ಸುಮಂಗಲಾ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಈರವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ದೂರ ಕೂರಬೇಕೆಂದು ನೆರೆಯವರು ಯಾರೋ ನೆನಪಿಸಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಜ್ವರದ ಮಂಪರಿನಲ್ಲಿ ಮಗು ಮಾತಾಡಿತು. "ಅಜ್ಜಿ, ಆಯಿಷಾ ನನ್ನ ಕುರ್ಚಿ ಹಿಡದಿರ್ತಾಳ. ನಾ ಬರ್ತೇನಂತ ಹೇಳ."

"ಯಾರವ್ವಾ ಆಯಿಷಾ?"

"ನನ್ನ ಗೆಳತಿ."

ಈ ಮನೆಯಲ್ಲಿ ಎಷ್ಟೋ ತಿಂಗಳಿಂದ ಒಂದು ಹೊಸ ಹೆಸರು ಕೇಳಿರಲಿಲ್ಲ.

ಅದು ಬರೀ ನೆಗಡಿಯ ಜ್ವರ ಎಂದು ಗೊತ್ತಾಯಿತು. ಆದರೆ ಸೋಮವಾರ ಸುಮಂಗಲಾ ನನ್ನನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತವಳು ಏಳಲಿಲ್ಲ. "ನನ್ನ ಕೈಲೆ ಇನ್ನ ಆಗಾಂಗಿಲ್ರಿ ಅತ್ತಿ. ನೀವ ಹೇಳ್ರಿ, ಕಳಸ್ಲೋ ಬ್ಯಾಡೋ."

ಈರವ್ವ ಬಾಚಣಿಗೆ ತಂದಳು. ಮೊಮ್ಮಗಳ ತಲೆ ಬಾಚಿ ಜಡೆ ಹಾಕಿದಳು. ತನ್ನ ಸೆರಗಿನಿಂದ ಮೂಗು ಬಾಯಿ ಮುಚ್ಚಿ ಗಂಟು ಹಾಕಿಕೊಂಡು ಮಗುವಿನ ಕೈ ಹಿಡಿದಳು. "ನಡಿಯವ್ವಾ, ಕುರ್ಚಿ ಹೋದೀತು."

ಇಬ್ಬರೂ ಹೋದರು. ಸುಮಂಗಲಾ ಬಹಳ ಹೊತ್ತಿನ ನಂತರ ನನ್ನನ್ನು ತನ್ನ ಕಂಕುಳಲ್ಲಿಟ್ಟುಕೊಂಡಳು. ಅವಳಿಗೆ ಮೈ ಹೇಗಿದೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಎರಡು ನಿಮಿಷ ಸಾಕಿತ್ತು. ಅವಳು ಅತ್ತೆ ಮರಳುವವರೆಗೂ ಹಾಗೆಯೇ ಕೂತಿದ್ದಳು, ತೆಗೆದು ಓದಲಿಲ್ಲ.

ಈಗ ನನ್ನ ಪಾದರಸ ನಡುವೆ ಕಡಿದುಹೋಗಿದೆ, ಗೆರೆಗಳ ಮಸಿಯೂ ಅಳಿಸಿದೆ. ಅಲಮಾರಿಯ ಖಾನೆಯಲ್ಲಿ ಹಳೆಯ ಮಾತ್ರೆಗಳ ಜೊತೆ ಇದ್ದೇನೆ. ಮನೆಗೆ ಅಂಕಿ ತೋರಿಸಿ ಕೀಂ ಎನ್ನುವ ಹೊಸದೊಂದು ಬಂದಿದೆ. ಆ ದಿನಗಳಲ್ಲಿ ಸುಮಂಗಲಾ ನನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ದಿಟ್ಟಿಸುತ್ತಿದ್ದಳು. ಮಗುವನ್ನು ಕಳುಹಿಸಬೇಕೋ ಬೇಡವೋ ಎಂಬುದು ನನ್ನ ಮೈಮೇಲೆ ಎಲ್ಲೂ ಬರೆದಿರಲಿಲ್ಲ. ಆದರೂ ನೋಡುತ್ತಿದ್ದಳು. ನಾನು ತೊಂಬತ್ತೆಂಟು ಎನ್ನುತ್ತಿದ್ದೆ. ನನಗೆ ಗೊತ್ತಿದ್ದುದು ಅಷ್ಟೇ.