ಐದು ನಕ್ಷತ್ರದ ಮಾತ್ರೆ

"ಅಳೋದು ಆಮೇಲೆ. ಮೊದಲು ಆ ಲ್ಯಾಪ್‌ಟಾಪ್ ತೆಗಿ," ಎಂದಳು ಅಕ್ಕ.

ತುರ್ತು ಚಿಕಿತ್ಸೆಯ ವಾರ್ಡಿನ ಹೊರಗೆ, ಒಂದು ಕಾಲು ಗಿಡ್ಡವಾಗಿದ್ದ ಬೆಂಚಿನ ಮೇಲೆ ತಮ್ಮ ತನ್ನ ಚೀಲವನ್ನು ಎದೆಗವಚಿಕೊಂಡು ಕೂತಿದ್ದ. ಮನೆಯಲ್ಲಿ ಅವನ ಹೆಸರು ಡಿಸ್ಕೌಂಟು. ಚಪ್ಪಲಿಯಿಂದ ಹಿಡಿದು ಚಾಪೆಯವರೆಗೆ ರಿಯಾಯಿತಿ ಇಲ್ಲದೆ ಏನನ್ನೂ ಕೊಂಡವನಲ್ಲ. ತೂಕದ ಯಂತ್ರ ಹತ್ತಿದರೂ ಒಂದೆರಡು ಕಿಲೋ ಬಿಡಿಸಿಕೊಂಡೇ ಇಳಿಯುತ್ತಾನೆ ಎಂದು ಅಕ್ಕನೇ ಆಡಿಕೊಳ್ಳುತ್ತಿದ್ದಳು. ಈಗ ಅವಳ ಮುಖ ನೋಡಿದರೆ, ಅದು ಯಾವತ್ತಾದರೂ ನಕ್ಕಿತ್ತು ಎಂದರೆ ಯಾರೂ ನಂಬುವಂತಿರಲಿಲ್ಲ.

ಅಮ್ಮ ಒಳಗಿದ್ದಳು. ಬೆಳಿಗ್ಗೆ ಬೆನ್ನುನೋವಿಗೆಂದು ಮಗ ಕೊಟ್ಟ ಮಾತ್ರೆ ನುಂಗಿ, ಕುರ್ಚಿಯಲ್ಲೇ ಒರಗಿ ಗೊರಕೆ ಹೊಡೆಯತೊಡಗಿದ್ದಳು. ಪಾಪ, ಎಷ್ಟು ದಿನದ ಮೇಲೆ ಕಣ್ಣು ಹತ್ತಿದೆ ಎಂದು ತಮ್ಮ ಟಿವಿಯ ಸದ್ದು ಇಳಿಸಿ, ಕಿಟಕಿಯ ಪರದೆ ಎಳೆದು, ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದಿದ್ದ. ಅಂಗಡಿ ಮುಚ್ಚಿ ಊಟಕ್ಕೆ ಬಂದ ಅಕ್ಕ ಪರದೆ ಸರಿಸಿದಾಗ ತಾಯಿಯ ತುಟಿ ನೀಲಿಗಟ್ಟಿತ್ತು.

ಅಕ್ಕನದು ಔಷಧಿ ಅಂಗಡಿ. ಶ್ವಾಸಕೋಶ ದುರ್ಬಲವಾಗಿರುವ ಅಮ್ಮನಿಗೆ ಉಸಿರನ್ನು ಕುಗ್ಗಿಸುವಂಥ ನೋವಿನ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. "ಹೆತ್ತ ತಾಯಿಗೇ ಚೀಟಿ ಕೇಳ್ತಾಳಲ್ಲೋ ನಿಮ್ಮಕ್ಕ!" ಎಂದು ಅಮ್ಮ ಮಗನ ಹತ್ತಿರ ಅಲವತ್ತುಕೊಂಡಿದ್ದಳು. ಮಗ ಚೀಟಿಯೇ ಕೇಳದ ಅಂಗಡಿಯನ್ನು ಹುಡುಕಿಬಿಟ್ಟ.

ವಾರ್ಡಿನ ಡಾಕ್ಟರಮ್ಮ ಬಾಗಿಲು ತೆರೆದು ಬಂದರು. "ಮಾತ್ರೆ ಮೇಲೆ ಕಂಪನಿ ಮುದ್ರೆ ಇದೆ, ಬಣ್ಣನೂ ಅದೇ. ಆದ್ರೆ ಇದು ಆ ಮಾತ್ರೆ ಅಲ್ಲ. ಒಳಗೆ ಏನು ಬೆರೆಸಿದ್ದಾರೆ ಅಂತ ಏನಾದ್ರೂ ಗೊತ್ತಾ?"

ತಮ್ಮ ಇಲ್ಲವೆಂದು ತಲೆಯಾಡಿಸಿದ.

"ಉಸಿರು ವಾಪಸ್ ಬರೋಕೆ ಇಂಜೆಕ್ಷನ್ ಕೊಟ್ಟಿದ್ದೀವಿ, ಬಂದಿದೆ. ಆದ್ರೆ ಇಂಜೆಕ್ಷನ್ನಿನ ಬಲ ಬೇಗ ಇಳಿಯುತ್ತೆ. ಅಷ್ಟರೊಳಗೆ ಆ ವಿಷ ಇಳೀದೇ ಇದ್ರೆ ಉಸಿರು ಮತ್ತೆ ನಿಲ್ಲಬಹುದು. ಕಾಯಬೇಕು." ಬಾಗಿಲು ಮುಚ್ಚಿತು.

"ಹೇಳು, ಎಲ್ಲಿ ತಗೊಂಡೆ?"

"ಅದು ಎಲ್ಲರಿಗೂ ಕಾಣೋ ಇಂಟರ್‌ನೆಟ್ ಅಲ್ಲ ಅಕ್ಕ. ಬೇರೆ ಬ್ರೌಸರ್ ಬೇಕು. ಅಲ್ಲಿ ಯಾರು ಯಾರು ಅಂತ ಯಾರಿಗೂ ಗೊತ್ತಾಗಲ್ಲ. ದುಡ್ಡು ಬಿಟ್‌ಕಾಯಿನ್‌ನಲ್ಲಿ. ಅದೂ ನೇರ ಮಾರೋನಿಗೆ ಹೋಗಲ್ಲ, ಮಾರ್ಕೆಟ್ಟಿನವರೇ ಮಧ್ಯದಲ್ಲಿ ಹಿಡ್ಕೊಂಡಿರ್ತಾರೆ. ಸಾಮಾನು ಬಂತು ಅಂತ ನಾವು ಒತ್ತಿದ ಮೇಲೇ ಬಿಡೋದು. ಮೋಸ ಆಗೋಕೆ ಚಾನ್ಸೇ ಇಲ್ಲ…"

"ಮೋಸ ಆಗೋಕೆ ಚಾನ್ಸೇ ಇಲ್ಲ," ಅಕ್ಕ ಅವನದೇ ಮೂಗುದನಿಯಲ್ಲಿ, ಅವನದೇ ಹುಬ್ಬು ಏರಿಸಿ ಅಂದಳು. ಚಿಕ್ಕಂದಿನಲ್ಲಿ ಹಾಗೆ ಅಣಕಿಸಿದಾಗೆಲ್ಲ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಈಗ ಪಕ್ಕದ ಬೆಂಚಿನ ಮುದುಕ ಕೂಡ ಮುಖ ಆಚೆ ತಿರುಗಿಸಿದ.

"ಅವನಿಗೆ ಐದಕ್ಕೆ ಐದು ನಕ್ಷತ್ರ ಇತ್ತು ಅಕ್ಕ. ನಾನು ನೋಡೇ ತಗೊಂಡಿದ್ದು."

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಪರದೆಯ ಮೇಲೆ ಆ ಪುಟ ತೆರೆಯಿತು. ಮಾರುವವನ ಹೆಸರು 'ವೈದ್ಯಬಂಧು'. ಕೆಳಗೆ ಕೊಂಡವರ ಮೆಚ್ಚುಗೆಯ ಸುರಿಮಳೆ. ಅಕ್ಕ ಒಂದೊಂದಾಗಿ ಓದತೊಡಗಿದಳು. ಪ್ಯಾಕಿಂಗ್ ಅದ್ಭುತ. ಹೇಳಿದ ದಿನವೇ ಬಂತು. ಸೋಪಿನ ಡಬ್ಬಿ ಅಂತಲೇ ಕೊರಿಯರ್‌ನವನು ನಂಬಿದ. ಪ್ಯಾಕಿಂಗ್ ಸೂಪರ್.

"ಇದೇನೋ, ಎಲ್ಲರೂ ಡಬ್ಬೀನೇ ಹೊಗಳಿದ್ದಾರೆ? ನುಂಗಿದವರು ಬರೆದಿರೋದು ಎಲ್ಲಿ?"

ಅವಳ ಬೆರಳು ಮೇಲಕ್ಕೆ ಸರಿದು ಒಂದು ಕಡೆ ನಿಂತಿತು. 'ಅಮ್ಮನಿಗೆ ತರಿಸಿದ್ದು. ಪ್ಯಾಕಿಂಗ್ ಬೊಂಬಾಟ್. ಥ್ಯಾಂಕ್ಸ್ ಅಣ್ಣಾ.' ಐದು ನಕ್ಷತ್ರ.

"ನಿಂದಾ?"

"ಹೂಂ."

"ಅಮ್ಮ ನುಂಗೋಕೆ ಮುಂಚೆನೇ?"

"ಬಂತು ಅಂತ ಒತ್ತಿದ ತಕ್ಷಣ ನಕ್ಷತ್ರ ಕೇಳುತ್ತೆ. ಎಲ್ರೂ ಆಗಲೇ ಕೊಟ್ಟುಬಿಡ್ತಾರೆ ಅಕ್ಕ."

"ಕೊಟ್ಟುಬಿಡ್ತಾರೆ! ಆಮೇಲೆ ಸತ್ತವನು ಎದ್ದು ಬಂದು ನಕ್ಷತ್ರ ಕಿತ್ಕೊಳ್ತಾನಾ? ಅಂಥೋರದ್ದೆಲ್ಲ ಇಲ್ಲಿ ಡಬ್ಬಿ ಚೆನ್ನಾಗಿತ್ತು ಅಂತಲೇ ಉಳ್ಕೊಂಡಿರುತ್ತೆ. ನೀನು ಅದನ್ನ ಓದಿ ಕೊಂಡೆ, ನಿಂದನ್ನ ಓದಿ ಇನ್ನೊಬ್ಬ ಅವರಮ್ಮನಿಗೆ ಕೊಳ್ತಾನೆ. ಬರಿ, ಇಲ್ಲಿ ಏನಾಯ್ತು ಅಂತ ಬರಿ."

ಅವನು ಬೆರಳಾಡಿಸಿದ. 'ನನ್ನ ದುಡ್ಡು ವಾಪಸ್…' ಎಂದು ಮೂಡುತ್ತಿದ್ದಂತೆ ಅಕ್ಕ ಅವನ ಕೈ ಮೇಲೆ ಫಟಾರನೆ ಹೊಡೆದಳು. "ಒಳಗೆ ಅಮ್ಮ ಹಾಗೆ ಬಿದ್ದಿದ್ದಾಳೆ, ನಿನಗೆ ದುಡ್ಡಿನ ಯೋಚನೆನಾ!"

ಅಳಿಸಿ ಬರೆದ: 'ಇದು ವಿಷ. ಅಮ್ಮನ ಉಸಿರು ನಿಂತಿತ್ತು. ಕೊಳ್ಳಬೇಡಿ.' ನಕ್ಷತ್ರಗಳನ್ನು ಕಿತ್ತು ಒಂದಕ್ಕಿಳಿಸಿದ. ಗುಂಡಿ ಒತ್ತಿ ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮೂಲೆಯಲ್ಲಿ 'ವೈದ್ಯಬಂಧು'ವಿನ ಸಂದೇಶವೊಂದು ಮಿನುಗಿತು. ಬೆಲ್ಲ ಸವರಿದ ದನಿ:

'ಪ್ರಿಯ ಗೆಳೆಯಾ, ತಾಯಿಯವರು ಬೇಗ ಗುಣವಾಗಲಿ. ನಿಮ್ಮ ಮನೆಯ ವಿಳಾಸ ನಮ್ಮಲ್ಲಿ ಜೋಪಾನವಾಗಿದೆ. ಬರೆದದ್ದನ್ನು ತೆಗೆದುಬಿಡಿ.'

ತಮ್ಮನ ಮುಖ ಸುಣ್ಣವಾಯಿತು. "ಅವನಿಗೆ ಮನೆ ಗೊತ್ತು ಅಕ್ಕ. ತೆಗೆದುಬಿಡ್ತೀನಿ."

"ಅವನ ಹೆಸರೇನು?"

"ವೈದ್ಯ…"

"ಅಪ್ಪ ಅಮ್ಮ ಇಟ್ಟ ಹೆಸರು?"

"ಗೊತ್ತಿಲ್ಲ."

"ಅವನಿಗೆ ನಮ್ಮ ಬಾಗಿಲು ಗೊತ್ತು, ನಿನಗೆ ಅವನ ಹೆಸರೂ ಗೊತ್ತಿಲ್ಲ. ಇದೇನಾ ನಿನ್ನ ಗುಟ್ಟಿನ ಸಂತೆ?" ಅವಳ ದನಿ ನಡುಗಿತು. ನಡುಗಿದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ನೆತ್ತಿಗೇರಿತು. "ಕೈ ತೆಗಿ. ಅದು ಅಲ್ಲೇ ಇರಲಿ. ಉಳಿದ ಮಾತ್ರೆ, ಈ ಬೆದರಿಕೆ, ನಮ್ಮ ವಿಳಾಸ, ಎಲ್ಲಾ ಪೊಲೀಸರಿಗೆ ಕೊಡೋಣ."

"ನನ್ನನ್ನೂ ಹಿಡೀತಾರೆ ಅಕ್ಕ."

"ಹಿಡೀಲಿ. ನಾನೂ ಜೊತೆಗೆ ಬರ್ತೀನಿ."

ತಮ್ಮ ಲ್ಯಾಪ್‌ಟಾಪಿನಿಂದ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

ನರ್ಸ್ ಬಂದು, ಬೇಕಾದರೆ ಒಳಗೆ ಬಂದು ನೋಡಬಹುದು, ಮಾತಾಡಿಸಬೇಡಿ ಎಂದಳು. ಅಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ತಮ್ಮ ಕಾಲ ಬಳಿಯೇ ನಿಂತ, ಹತ್ತಿರ ಬರುವ ಧೈರ್ಯವಾಗಲಿಲ್ಲ. ಅವಳು ಅವನ ಅಂಗಿಯ ತೋಳು ಹಿಡಿದು ಜಗ್ಗಿ ತಂದು, ಅವನ ಅಂಗೈಯನ್ನು ಅಮ್ಮನ ಎದೆಯ ಮೇಲೆ ಒತ್ತಿ, ಅದರ ಮೇಲೆ ತನ್ನದನ್ನೂ ಇಟ್ಟಳು.

ಕೈಗಳು ಮೇಲೇರಿದವು. ಇಳಿದವು. ಇಬ್ಬರೂ ಉಸಿರು ಬಿಗಿಹಿಡಿದು ಮುಂದಿನ ಏರಿಕೆಗೆ ಕಾದರು.