ಭಾರದ ಲೋಟ

ಅಕ್ಕ ತಮ್ಮನ ಲೋಟಕ್ಕೆ ಚಹಾ ಸುರಿಯುತ್ತಿದ್ದಾಗಲೇ ಬೇಕರಿಯ ಯಜಮಾನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ತಮ್ಮನ ಏಪ್ರನ್ ಇತ್ತು.

"ಹಿಟ್ಟು ನಾದಿ ಮುಗಿಸಿ ಕೂತ, ಅಕ್ಕಾ. ಎದೆ ಹಿಡ್ಕೊಂಡ. ಅಷ್ಟೇ."

ಲೋಟ ತುಂಬಿತ್ತು, ಕುಡಿಯುವವನಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಮ್ಮನನ್ನು ಮನೆಗೆ ತಂದರು, ಅಂಗಳದಲ್ಲಿ ಜನ ಸೇರಿದರು. ಈಚೆಗೆ ಎದುರುಮನೆಗೆ ಬಂದಿದ್ದ ಮಾವ ಪಿಸುಗುಟ್ಟಿದ್ದು ಒಳಕ್ಕೂ ಕೇಳಿಸಿತು: "ಒಳ್ಳೇ ಕೆಲಸಗಾರ ಬಿಡಿ. ಆ ಒಂದು ಚಟ ಇಲ್ದಿದ್ರೆ ಇನ್ನೂ ಬದುಕ್ತಿದ್ದ."

ಮಣ್ಣಾಗುವ ಮುನ್ನ ಕುಡುಕನೆಂಬ ಆ ಹೆಸರು ಅಳಿಯಬೇಕು. ಅಕ್ಕನಿಗೆ ಈಗ ಬೇಕಾಗಿದ್ದದ್ದು ಅದೊಂದೇ.

*

ತಮ್ಮ ಚಿಕ್ಕವನಿದ್ದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಇದೂ ಸೆರೆಬ್ರಲ್ ಪಾಲ್ಸಿನೇ, ಮಿದುಳಿನ ತೊಂದರೆ. ಆದ್ರೆ ಕೈಕಾಲು ಸೆಟೆದುಕೊಳ್ಳೋ ಬಗೆ ಅಲ್ಲ. ಇದು ಅಪರೂಪದ್ದು, ಅಟಾಕ್ಸಿಕ್ ಅಂತಾರೆ. ಬಲ ಇದೆ, ಅಳತೆ ಸಿಗಲ್ಲ. ಅದಕ್ಕೇ ಓಲಾಡ್ತಾನೆ."

"ಬುದ್ಧಿ?" ಎಂದಳು ಅಮ್ಮ.

"ನನ್ನ ಪೆನ್ನು ಎಲ್ಲಿ ಬಚ್ಚಿಟ್ಟಿದಾನೆ, ಅವನನ್ನೇ ಕೇಳಿ!"

ಲೋಟ ತುಟಿಯ ಹತ್ತಿರ ಬಂದಷ್ಟೂ ಅವನ ಕೈ ನಡುಗಿ ಚೆಲ್ಲುತ್ತಿತ್ತು. ಅಕ್ಕ ಲೋಟಕ್ಕೆ ಕಬ್ಬಿಣದ ತಳ ಹಾಕಿಸಿದಳು. ಭಾರ ಸಿಕ್ಕಿದ್ದೇ ಕೈ ಹದಕ್ಕೆ ಬಂತು. "ತುಂಬಿದ ಕೊಡ ತುಳುಕಲ್ಲ ಅಂತಾರೆ. ನನ್ನದು ಭಾರದ ಕೊಡ, ಅಕ್ಕಾ" ಎಂದು ನಕ್ಕಿದ್ದ. ಮುಂದೆ ಬೇಕರಿಯಲ್ಲಿ, ಹಿಟ್ಟಿನ ದೊಡ್ಡ ಮುದ್ದೆಯೊಳಗೆ ಹೂತ ಅವನ ಕೈಗಳು ಯಾರ ಕೈಗೂ ಕಡಿಮೆಯಿರಲಿಲ್ಲ.

*

ಅಕ್ಕ ಆರಿದ ಚಹಾದ ಸಮೇತ ಲೋಟವನ್ನು ತಂದು ಮಾವನ ಕೈಗಿಟ್ಟಳು.

"ಮೂಸಿ ನೋಡಿ. ಅವನು ಕುಡಿದಿದ್ದು ಇದೊಂದೇ."

"ಅಬ್ಬಾ, ಏನಮ್ಮಾ ಇಷ್ಟು ಭಾರ!"

"ಭಾರ ಇದ್ರೆ ಅವನ ಕೈ ನಡುಗ್ತಿರಲಿಲ್ಲ. ಹುಟ್ಟಿದಾಗಿಂದ ಮಿದುಳಿಗೆ ಸಮತೋಲ ಸಿಗದ ತೊಂದರೆ, ಮಾವ. ಅದಕ್ಕೇ ಕಾಲು ಅಗಲಿಸಿ ನಡೀತಿದ್ದ."

"ಅವನೇ ಒಂದು ಮಾತು ಹೇಳಬಾರದಿತ್ತಾ?"

"'ಕುಡಿದಿರೋದು ನಾನಲ್ಲ ಮಾವ, ನೆಲ' ಅಂತ ಹೇಳ್ತಾನೇ ಇದ್ದ. ನೀವು ಅದನ್ನೂ ಕುಡುಕನ ಮಾತು ಅಂದ್ರಿ."

ಯಾರೋ ನಕ್ಕರು, ಮರುಗಳಿಗೆ ಕಣ್ಣೊರೆಸಿಕೊಂಡರು. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮೆಲ್ಲಗೆ ಅದನ್ನು ಕಟ್ಟೆಯ ಮೇಲಿಟ್ಟು ಎದ್ದವನೇ ಚಟ್ಟದ ಮುಂಭಾಗಕ್ಕೆ ಹೆಗಲು ಕೊಟ್ಟ.

ಮೆಟ್ಟಿಲು ಒದ್ದೆಯಾಗಿತ್ತು. ಮಾವನ ಹೆಜ್ಜೆ ತೊಡರಿತು.

"ಕಾಲು ಅಗಲ ಇಡಿ ಮಾವ, ಬೀಳಲ್ಲ" ಎಂದಳು ಅಕ್ಕ.

ಮಾವ ಕಾಲು ಅಗಲಿಸಿದ. ತಮ್ಮ ನಡೆಯುತ್ತಿದ್ದ ಹಾಗೆಯೇ ಅತ್ತಿತ್ತ ಓಲಾಡುತ್ತ ಇಳಿದ. ಹೆಗಲ ಮೇಲಿದ್ದವನು ಅಲುಗಲಿಲ್ಲ. ಅಕ್ಕ ಕೈಮುಗಿದಳು.

"ದೇವರೇ, ನನ್ನ ತಮ್ಮನಿಗೆ ಇನ್ನು ಅಲುಗದ ನೆಲ ಕೊಡಪ್ಪಾ."