ಸುಮ್ಮನಿದ್ದರೂ ಕೇಳಿಸುವ ಫೋನು

ದರ್ಜಿಯ ಮನೆಯಲ್ಲಿ, ಬೀದಿಗೆ ತೆರೆದ ಕಿಟಕಿಯ ಪಕ್ಕ, ಒಂದು ಕಪ್ಪು ಫೋನಿತ್ತು. ಬೆರಳು ಹಾಕಿ ಚಕ್ರ ತಿರುಗಿಸುವ ಹಳೆಯ ಫೋನು. ದರ್ಜಿಯ ತಾಯಿ ಮಧ್ಯಾಹ್ನದ ಊಟ ಮುಗಿಸಿ ಅದರ ಮುಂದೆ ಕೂರುತ್ತಿದ್ದಳು. ಮಗ ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು ಆಕೆಯ ಕೆಲಸ. ಹಾಗಾಗಿ ಬೀದಿಗೆಲ್ಲ ಆಕೆ ಗುಂಡಿ ಅಜ್ಜಿ.

ಅಜ್ಜಿಯ ತಂಗಿ ಬೇರೆ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಇಬ್ಬರ ಫೋನು ಶುರುವಾಗುತ್ತಿದ್ದದ್ದು ಹೀಗೆ:

"ಕೂತೆಯೇನೇ?"

"ಕೂತೆ ಅಕ್ಕಾ."

ಅಷ್ಟೇ. ಆಮೇಲೆ ಮಾತಿಲ್ಲ. ರಿಸೀವರನ್ನು ಕಿವಿಗೆ ಕಟ್ಟಿಕೊಳ್ಳಲು ಅಜ್ಜಿ ಒಂದು ಬಟ್ಟೆಯ ಪಟ್ಟಿ ಹೊಲಿದುಕೊಂಡಿದ್ದಳು. ತಂಗಿಗೂ ಅಂಥದ್ದೇ ಒಂದನ್ನು ಕಳಿಸಿದ್ದಳು. ಹಲ್ಲುನೋವು ಬಂದವರ ಹಾಗೆ ತಲೆಗೆ ಪಟ್ಟಿ ಬಿಗಿದುಕೊಂಡು ಇಬ್ಬರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ಅಲ್ಲಿನ ಕಾಗದದ ಸರಸರ ಇಲ್ಲಿಗೆ ಕೇಳುತ್ತಿತ್ತು. ಇಲ್ಲಿನ ಕತ್ತರಿಯ ಸದ್ದು ಅಲ್ಲಿಗೆ. ನಡುವೆ ಎಂದಾದರೂ ತಂಗಿ ಗದರಿದರೆ ಅದೊಂದೇ ಕಾರಣಕ್ಕೆ: "ಅಕ್ಕಾ, ದಾರ ಹಲ್ಲಲ್ಲಿ ಕಡಿಯಬೇಡ!"

"ಇಷ್ಟು ಹೊತ್ತು ಏನು ಮಾತಾಡಿದಿರಿ ಅತ್ತೆ?" ಎಂದು ಸೊಸೆ ಕೇಳುತ್ತಿದ್ದಳು.

"ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಫೋನು ಯಾಕೆ?"

"ಸುಮ್ಮನಿರೋದಕ್ಕೂ ಜೊತೆ ಬೇಕು ಕಣೇ."

ಒಂದು ದಿನ ಫೋನ್ ಕಚೇರಿಯವನು ಬಾಗಿಲಿಗೆ ಬಂದ. "ಈ ಬೀದಿಯ ಹಳೇ ತಂತಿ ಎಲ್ಲ ತೆಗೀತಿದ್ದೀವಿ. ತಿಂಗಳ ಕೊನೆಯವರೆಗೆ ಮಾತ್ರ ಈ ಲೈನು" ಎಂದು ಹೇಳಿ ಹೋದ. ಅಜ್ಜಿಯ ಕೈಯ ಸೂಜಿ ಅಲ್ಲೇ ನಿಂತಿತು.

"ಅದಕ್ಯಾಕೆ ಮುಖ ಸಣ್ಣ ಮಾಡ್ತೀಯಮ್ಮ? ಮೊಬೈಲ್ ಕೊಡಿಸ್ತೀನಿ" ಎಂದ ದರ್ಜಿ.

"ನಿನ್ನ ಮೊಬೈಲು ನನ್ನನ್ನ ಮನುಷ್ಯಳು ಅಂತಲೇ ಒಪ್ಪಲ್ಲ" ಎಂದಳು ಅಜ್ಜಿ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಟ್ಟಿಯಾಗಿತ್ತು. ಮೊಬೈಲಿನ ಗಾಜಿನ ಮೇಲೆ ಎಷ್ಟು ಒತ್ತಿದರೂ ಪರದೆ ಕದಲುತ್ತಿರಲಿಲ್ಲ.

ಎದುರುಮನೆಯಲ್ಲಿ ತಂತಿಯಕ್ಕ ಇದ್ದಳು. ಮನೆಮನೆಗೆ ಇಂಟರ್ನೆಟ್ ತಂತಿ ಎಳೆಯುವುದೇ ಅವಳ ಉದ್ಯೋಗ. ವಿಷಯ ಕೇಳಿ ಬಂದವಳು ಫೋನನ್ನು ಎತ್ತಿ ನೋಡಿ ಹೇಳಿದಳು: "ಈ ಕಲ್ಲುಗುಂಡು ಯಾಕೆ ಎಸೀತೀರಿ? ಇದೇ ಇರಲಿ. ನಿಮ್ಮ ಮನೇಲಿ ಇಂಟರ್ನೆಟ್ ಇದೆಯಲ್ಲ. ಫೋನಿಗೂ ಅದಕ್ಕೂ ನಡುವೆ ಒಂದು ಸಣ್ಣ ಡಬ್ಬಿ ಇಟ್ಟರೆ ಸಾಕು. ಅಡಾಪ್ಟರ್ ಅಂತಾರೆ. ನಿಮ್ಮ ಮಾತನ್ನ ಇಂಟರ್ನೆಟ್ ದಾರಿಗೆ ಹತ್ತಿಸಿ ಕಳಿಸುತ್ತೆ."

"ಡಬ್ಬಿಗೆ ಹಾಕಿದ್ದು ಡಬ್ಬೀಲೇ ಉಳಿದರೆ?" ಎಂದಳು ಅಜ್ಜಿ.

"ಉಪ್ಪಿನಕಾಯಿ ಅಲ್ಲ ಅಜ್ಜಿ, ಉಳಿಯೋಕೆ!"

ದರ್ಜಿ ಅವತ್ತೇ ಸಂಜೆ ಪೇಟೆಗೆ ಹೋಗಿ ಒಂದು ಡಬ್ಬಿ ತಂದ. ತಂತಿಯಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ, "ವಾಪಸ್ ಕೊಟ್ಟು ಬಾರಪ್ಪ" ಎಂದಳು. "ಇದು ಒಂದೇ ಕಂಪನಿಯ ಫೋನ್ ಸೇವೆಗೆ ಮಾತ್ರ ನಡೆಯೋ ಹಾಗೆ ಬೀಗ ಹಾಕಿದ ಡಬ್ಬಿ. ನಾಳೆ ಅವರ ಸೇವೆ ಸರಿಹೋಗದಿದ್ದರೆ ಡಬ್ಬಿಯೂ ದಂಡ. ಅದೂ ಅಲ್ಲದೆ ಅಜ್ಜಿಯದು ಚಕ್ರದ ಫೋನು. ಚಕ್ರ ತಿರುಗಿಸಿದ್ದು ಎಲ್ಲ ಅಡಾಪ್ಟರಿಗೂ ಅರ್ಥ ಆಗಲ್ಲ. ರಿಂಗ್ ಆಗುತ್ತೆ, ನಾವು ಮಾತ್ರ ಯಾರಿಗೂ ಮಾಡೋಕಾಗಲ್ಲ. 'ಹಳೇ ಚಕ್ರದ ಫೋನಿಗೂ ಆಗುತ್ತಾ?' ಅಂತ ಬಾಯಿಬಿಟ್ಟು ಕೇಳಿ ತಗೋ."

ದರ್ಜಿ ಕೇಳಿಯೇ ತಂದ. ತಂದವನಿಗೆ ಹುರುಪು. "ನಾಳೆ ಬೆಳಗ್ಗೆ ಹಳೇ ಲೈನು ರದ್ದು ಮಾಡಿಸಿಬಿಡ್ತೀನಿ."

"ಅಯ್ಯೋ, ಮೋಡ ನೋಡಿ ಕೊಡದ ನೀರು ಚೆಲ್ಲಬೇಡ!" ತಂತಿಯಕ್ಕ ತಡೆದಳು. "ಮೊದಲು ಇಂಟರ್ನೆಟ್ ಫೋನಿನ ಕಂಪನಿಗೆ ಅರ್ಜಿ ಹಾಕು, ಈ ನಂಬರು ಅವರ ಸೇವೆಗೆ ಬಂದು ಸೇರಲಿ. ಅದಕ್ಕೆ ಮುಂಚೆ ಲೈನು ರದ್ದಾದರೆ ನಂಬರೂ ಹೋದೀತು."

ನಂಬರು ಬಂದು ಸೇರಿತು. ತಂತಿಯಕ್ಕ ಡಬ್ಬಿಯಿಂದ ಒಂದು ತಂತಿಯನ್ನು ಇಂಟರ್ನೆಟ್ ರೌಟರಿಗೆ ಸಿಕ್ಕಿಸಿದಳು. ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತು ಡಬ್ಬಿಗೆ ಸಿಕ್ಕಿಸಿದಳು. "ಡಬ್ಬಿಯನ್ನ ಮಾತ್ರ ಗೋಡೆಯ ಹಳೇ ಫೋನ್ ಸಾಕೆಟ್ಟಿಗೆ ಯಾವತ್ತೂ ಚುಚ್ಚಬೇಡಿ, ಸುಟ್ಟುಹೋಗಬಹುದು" ಎಂದು ಸೊಸೆಗೆ ತೋರಿಸಿಕೊಟ್ಟಳು. ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನೂ ಬದಲಾಯಿಸಿದಳು. "ಹಾಗೇ ಬಿಟ್ಟರೆ ಯಾರೋ ಕಳ್ಳರು ಒಳಗೆ ನುಗ್ಗಿ ನಿಮ್ಮ ನಂಬರಿನಿಂದ ಮಾತಾಡ್ತಾರೆ, ಬಿಲ್ಲು ನಿಮಗೆ ಬರುತ್ತೆ."

ರಿಸೀವರ್ ಎತ್ತಿದರೆ ಡಯಲ್ ಟೋನು ಗುಂಯ್ ಎಂದಿತು. ಸೊಸೆ ಚಪ್ಪಾಳೆ ತಟ್ಟಿದಳು. ಅಜ್ಜಿ ಪಟ್ಟಿ ಬಿಗಿದುಕೊಂಡು ಚಕ್ರ ತಿರುಗಿಸಿದಳು.

"ಕೂತೆಯೇನೇ?"

"ಕೂತೆ ಅಕ್ಕಾ."

ಅಜ್ಜಿ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ತಂಗಿಯ ದನಿ: "ಅಕ್ಕಾ, ಇದ್ದೀಯಾ?"

"ಇಲ್ಲೇ ಇದ್ದೀನಲ್ಲ."

ಮತ್ತೆ ಸ್ವಲ್ಪ ಹೊತ್ತಿಗೆ: "ಅಕ್ಕಾ?"

"ಎಲ್ಲಿಗೆ ಹೋಗಲಿ? ಇದ್ದೀನಿ!"

"ಇದ್ದೀನಿ ಅಂತೀಯ, ಆದರೆ ನೀನು ಇದ್ದ ಹಾಗಿಲ್ಲ. ಬಾವಿಗೆ ಕಿವಿ ಕೊಟ್ಟ ಹಾಗಿದೆ" ಎಂದು ತಂಗಿ ಫೋನ್ ಇಟ್ಟುಬಿಟ್ಟಳು.

ತಂತಿಯಕ್ಕ ಬೀದಿಗೆ ಹೋಗಿ ತನ್ನ ಮೊಬೈಲಿನಿಂದ ಅಜ್ಜಿಯ ಫೋನಿಗೆ ಮಾಡಿದಳು. "ಹಲೋ ಹಲೋ, ಒಂದು ಎರಡು ಮೂರು!" ಇಬ್ಬರ ಮಾತೂ ಎರಡೂ ಕಡೆ ಗಂಟೆ ಹೊಡೆದ ಹಾಗೆ ಕೇಳಿತು. ಎಲ್ಲ ಸರಿಯಿದೆ ಎಂದು ಹೇಳಿ ಹೋದಳು. ಮಾರನೆಯ ಮಧ್ಯಾಹ್ನ ಮತ್ತೆ ಅದೇ ಕಥೆ. ತಂಗಿ ಅಳುವ ದನಿಯಲ್ಲಿ, "ಬೇಡ ಬಿಡು ಅಕ್ಕಾ, ಕಾಗದ ಬರೆದುಕೊಳ್ಳೋಣ" ಎಂದಳು.

ಅಜ್ಜಿ ಕಿಟಕಿಯಿಂದಲೇ ಕೂಗಿದಳು. "ಏ ತಂತೀ! ನೀನು ಪರೀಕ್ಷೆ ಮಾಡುವಾಗೆಲ್ಲ ಬಾಯಿ ಬಡೀತೀಯ. ನಾವು ಬಾಯಿ ಬಿಡೋರಲ್ಲ. ನಿನ್ನ ಕಿಟಕೀಲಿ ನಿಲ್ಲು, ನಾನು ಫೋನ್ ಮಾಡ್ತೀನಿ. ತುಟಿ ಪಿಟಕ್ ಅನ್ನಬೇಡ."

ತಂತಿಯಕ್ಕ ಮೊಬೈಲು ಕಿವಿಗಿಟ್ಟು ನಿಂತಳು. ಎದುರು ಕಿಟಕಿಯಲ್ಲಿ ಅಜ್ಜಿ ಕತ್ತರಿ ಎತ್ತಿದ್ದು ಕಂಡಿತು. ಕತ್ತರಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕಿವಿಯಲ್ಲಿ ಏನೂ ಇಲ್ಲ. ಕೋಣೆಯ ಗಾಳಿ ಕೂಡ ಇಲ್ಲ. ಕಣ್ಣೆದುರೇ ಕೂತಿದ್ದ ಅಜ್ಜಿ ಫೋನಿನಲ್ಲಿ ಇರಲೇ ಇಲ್ಲ.

ತಂತಿಯಕ್ಕ ಒಂದೇ ಓಟಕ್ಕೆ ಬೀದಿ ದಾಟಿ ಬಂದಳು. "ನಿಮ್ಮ ಡಬ್ಬಿ ಅತಿಜಾಣ ಅಜ್ಜಿ! ಯಾರೂ ಮಾತಾಡದಿದ್ದರೆ ಏನೂ ಕಳಿಸೋದೇ ಇಲ್ಲ, ಡೇಟಾ ಉಳಿಸೋಕೆ. ಸಣ್ಣಪುಟ್ಟ ಸದ್ದೆಲ್ಲ ಅದಕ್ಕೆ ಕಸ. ಸೈಲೆನ್ಸ್ ಸಪ್ರೆಶನ್ ಅಂತ ಒಂದು ಸೆಟ್ಟಿಂಗ್. ಬಾಯಿಬಡುಕರ ಮನೇಲಿ ಅದು ಯಾರಿಗೂ ಗೊತ್ತೇ ಆಗಲ್ಲ."

"ಮಾತಿಲ್ಲ ಅಂದರೆ ಮನುಷ್ಯರೇ ಇಲ್ಲ ಅಂದುಕೊಂಡಿದೆಯಾ, ಮಂಕು ಮುಂಡೇದು!" ಅಜ್ಜಿ ಡಬ್ಬಿಯ ತಲೆಗೆ ಒಂದು ಮೊಟಕಿದಳು.

ತಂತಿಯಕ್ಕ ಮೊಬೈಲಿನಲ್ಲಿ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು ಅದೊಂದನ್ನು ಆಫ್ ಮಾಡಿದಳು.

ಅಜ್ಜಿ ಚಕ್ರ ತಿರುಗಿಸಿದಳು. "ಕೂತೆಯೇನೇ?" "ಕೂತೆ." ಮನೆಯವರೆಲ್ಲ ಸುತ್ತ ಬಂದು ನಿಂತರು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದ. ಅಜ್ಜಿ ಒಂದು ಗುಂಡಿ ಹಚ್ಚಿದಳು. ಗಂಟು ಹಾಕಿದಳು. ಕತ್ತರಿಯ ಕಡೆ ನೋಡಿದಳು, ತೆಗೆದುಕೊಳ್ಳಲಿಲ್ಲ. ಬಾಗಿ ದಾರವನ್ನು ಹಲ್ಲಲ್ಲಿ ಪಟ್ ಎಂದು ಕಡಿದಳು.

ರಿಸೀವರಿನಿಂದ ಕೋಣೆಗೆಲ್ಲ ಕೇಳುವ ಹಾಗೆ ತಂಗಿಯ ದನಿ ಬಂತು: "ಅಕ್ಕಾ! ದಾರ ಹಲ್ಲಲ್ಲಿ ಕಡಿಯಬೇಡ ಅಂತ ಎಷ್ಟು ಸಲ ಹೇಳಲಿ?"

ಎಲ್ಲರೂ ಘೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದಳು. ರಿಸೀವರಿನೊಳಗೆ ಕಾಗದದ ಸರಸರ ಶುರುವಾಗಿತ್ತು.

ಓದುಗರೇ, ನಿಮ್ಮ ಮನೆಯಲ್ಲೂ ಹಳೆಯ ಫೋನು ಇದ್ದರೆ, ಲೈನು ನಿಲ್ಲುತ್ತದೆ ಎಂದು ಅದನ್ನು ಅಟ್ಟಕ್ಕೆ ಹಾಕಬೇಡಿ. ನಿಮ್ಮ ಫೋನಿಗೆ ಹೊಂದುವ, ಯಾವುದೇ ಒಂದು ಕಂಪನಿಗೆ ಬೀಗ ಹಾಕಿರದ ಅಡಾಪ್ಟರನ್ನು ಕೇಳಿ ಕೊಳ್ಳಿ. ನಂಬರು ಹೊಸ ಸೇವೆಗೆ ಬಂದು ಸೇರಿದ ಮೇಲೆಯೇ ಹಳೆಯ ಲೈನನ್ನು ಬಿಡಿ. ಕರೆಂಟು ಹೋದರೆ ಈ ಫೋನೂ ಮಲಗುತ್ತದೆ. ದರ್ಜಿಯ ಮನೆಯವರು ಆಮೇಲೆ ಮಾಡಿದ ಹಾಗೆ ರೌಟರಿಗೂ ಅಡಾಪ್ಟರಿಗೂ ಸೇರಿಸಿ ಒಂದು ಬ್ಯಾಟರಿ ಇಡಿ, ಆಪತ್ತಿಗೆಂದು ಒಂದು ಮೊಬೈಲೂ ಇರಲಿ. ಕೊನೆಯದಾಗಿ, ಹಾಕಿಸಿದ ದಿನ "ಹಲೋ" ಅಂದು ಪರೀಕ್ಷೆ ಮುಗಿಸಬೇಡಿ. ನಿಮ್ಮವರಿಗೆ ಫೋನ್ ಮಾಡಿ, ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರಿ. ನೀವು ಮಾತಾಡದಿದ್ದಾಗಲೂ ಆ ಕಡೆಯವರಿಗೆ ನೀವು ಕೇಳಿಸಬೇಕು.